ಹಳೆಯ ಯಂತ್ರ, ಕದ್ದ ಕೀಲಿ

ಸಾಗರದ ಅಕ್ಕಿ ಗಿರಣಿಯಾಗಲಿ, ತೀರ್ಥಹಳ್ಳಿಯ ಅಡಿಕೆ ಸಂಸ್ಕರಣೆಯ ಶೆಡ್ಡಾಗಲಿ, ಹೊಸನಗರ ಕಡೆಯ ಕುಡಿಯುವ ನೀರಿನ ಪಂಪ್‌ಹೌಸಾಗಲಿ, ಸ್ವಲ್ಪ ಈಚಿನದಾದರೆ ಅಲ್ಲಿ ಗೋಡೆಗೆ ಒರಗಿಸಿದ ಬೂದುಬಣ್ಣದ ಕಬ್ಬಿಣದ ಕಪಾಟೊಂದು ಇರುತ್ತದೆ. ಕೆಲಸಗಾರರು ಅದನ್ನು ಪ್ಯಾನೆಲ್ ಎನ್ನುತ್ತಾರೆ. ಬಾಗಿಲು ತೆರೆದರೆ ಕಾಂಟ್ಯಾಕ್ಟರು, ರಿಲೇ, ವಯರುಗಳ ನಡುವೆ ಪುಟ್ಟ ದೀಪಗಳು ಮಿನುಗುವ ಅಂಗೈಯಗಲದ ಪೆಟ್ಟಿಗೆ. ಅದೇ ಪಿಎಲ್‌ಸಿ. ಎಲಿವೇಟರ್ ಯಾವಾಗ ಓಡಬೇಕು, ಡ್ರೈಯರಿನ ಬಿಸಿ ಎಷ್ಟಕ್ಕೆ ನಿಲ್ಲಬೇಕು, ಟ್ಯಾಂಕ್ ತುಂಬಿದೊಡನೆ ಯಾವ ಪಂಪು ಬಂದಾಗಬೇಕು, ಎಲ್ಲ ತೀರ್ಮಾನ ಅದರದ್ದು. ಆ ತೀರ್ಮಾನಗಳನ್ನು ಯಾರೋ ಒಬ್ಬರು ಲ್ಯಾಪ್‌ಟಾಪಿನಲ್ಲಿ ಬರೆದು, ಕೇಬಲ್ ಚುಚ್ಚಿ, ಪೆಟ್ಟಿಗೆಯೊಳಗೆ ಇಳಿಸಿರುತ್ತಾರೆ. ಹಾಗೆ ಬರೆಯಲು ಬಳಸುವ ತಂತ್ರಾಂಶದ ಬಗ್ಗೆ ಈ ಲೇಖನ. ಅದು ಬಹಳ ಕಡೆ ಹಳೆಯದು, ಕಂಪನಿ ಕೈಬಿಟ್ಟದ್ದು, ಕ್ರ್ಯಾಕ್ ಮಾಡಿದ್ದು, ಎಂದರೆ ಲೈಸನ್ಸಿನ ಬೀಗ ಮುರಿದದ್ದು.

ಈ ಮಾತು ಎತ್ತಿದರೆ ಎರಡು ಉತ್ತರ ಬರುತ್ತವೆ. ಕದ್ದ ತಂತ್ರಾಂಶ ಬಳಸುವುದು ತಪ್ಪು ಎಂಬುದು ಒಂದು. ಲಕ್ಷಗಟ್ಟಲೆ ಕೊಟ್ಟು ಕೊಳ್ಳಲು ನಮ್ಮ ಗಿರಣಿಗೆ ಆಗುತ್ತದೆಯೇ ಎಂಬುದು ಇನ್ನೊಂದು. ಎರಡೂ ನಿಜ, ಆದರೆ ಎರಡೂ ಮುಖ್ಯವಾದದ್ದನ್ನು ಬಿಟ್ಟುಬಿಡುತ್ತವೆ. ಯಂತ್ರ ಕೊಂಡವನ ಕೈಯಲ್ಲಿ ಯಂತ್ರ ಇದೆ, ಅದನ್ನು ನಡೆಸುವ ಪ್ರೋಗ್ರಾಂ ಇಲ್ಲ, ಆ ಪ್ರೋಗ್ರಾಂ ತೆರೆಯುವ ಹಕ್ಕಿನ ತಂತ್ರಾಂಶವೂ ಇಲ್ಲ. ಮಿಕ್ಕ ಅಪಾಯಗಳೆಲ್ಲ ಈ ಒಂದು ಕೊರತೆಯಿಂದ ಹುಟ್ಟುತ್ತವೆ ಎಂಬುದು ನನ್ನ ತಿಳಿವಳಿಕೆ.

ಈ ಸೀಮೆಗೆ ದೊಡ್ಡ ಯಂತ್ರ ಹೊಸದಲ್ಲ. ಜೋಗದ ಬುಡದಲ್ಲಿ 1948ರಲ್ಲಿ ಶುರುವಾಗಿ ಮುಂದೆ ಮಹಾತ್ಮಾ ಗಾಂಧಿಯವರ ಹೆಸರು ಪಡೆದ ವಿದ್ಯುದಾಗಾರವಿದೆ. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯ ನೀರು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ಕೇಂದ್ರವನ್ನು ನಡೆಸುತ್ತದೆ. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟೆಯ ನೀರು ಘಟ್ಟದ ಕೆಳಗೆ 460 ಮೆಗಾವಾಟಿನ ವಾರಾಹಿ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಯಂತ್ರಕ್ಕಿಂತ ಅದರ ನಿಯಂತ್ರಣ ಎಷ್ಟು ನಾಜೂಕು ಎಂಬುದನ್ನೂ ಈ ಸೀಮೆ ಕಂಡಿದೆ. 2016ರ ಫೆಬ್ರವರಿಯಲ್ಲಿ ಶರಾವತಿ ಕೇಂದ್ರದ ನಿಯಂತ್ರಣ ವ್ಯವಸ್ಥೆಗೆ ಬೆಂಕಿ ಬಿದ್ದು ಹತ್ತೂ ಘಟಕಗಳು ನಿಂತವು. ಅದಕ್ಕೂ ತಂತ್ರಾಂಶಕ್ಕೂ ಸಂಬಂಧವಿಲ್ಲ. ಟರ್ಬೈನುಗಳು ಗಟ್ಟಿಯಾಗಿದ್ದರೂ ಅವುಗಳಿಗೆ ಆಜ್ಞೆ ಮುಟ್ಟಿಸುವ ವ್ಯವಸ್ಥೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕಷ್ಟೇ ಈ ಮಾತು. ಇಂಥ ಸ್ಥಾವರಗಳಿಗೆ ತಮ್ಮದೇ ಎಂಜಿನಿಯರುಗಳಿದ್ದಾರೆ, ದೇಶದ ಮಹತ್ವದ ವ್ಯವಸ್ಥೆಗಳನ್ನು ಕಾಯಲೆಂದು 2014ರಲ್ಲಿ ರಚನೆಯಾದ ಕೇಂದ್ರ ಸಂಸ್ಥೆಯೂ ಇದೆ. ನಾನು ಹೇಳಹೊರಟಿರುವುದು ಯಾರೂ ಕಾಯದ ಸಣ್ಣ ಪ್ಯಾನೆಲುಗಳ ಬಗ್ಗೆ.

ಹಳೆಯ ತಂತ್ರಾಂಶ ಏಕೆ ಇನ್ನೂ ಉಳಿದಿದೆ? ಯಂತ್ರ ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತದೆ, ಕಂಪ್ಯೂಟರು ಏಳೆಂಟು ವರ್ಷಕ್ಕೆ ಹಳತಾಗುತ್ತದೆ. ಸೀಮೆನ್ಸ್ ಕಂಪನಿಯ ಎಸ್5 ಸರಣಿ 1979ರಲ್ಲಿ ಬಂದದ್ದು. ಅದರ ಪ್ರೋಗ್ರಾಂ ತೆರೆಯುವ ತಂತ್ರಾಂಶ ಡಾಸ್ ಕಾಲದ್ದು. ಆ ಬಳಿಕದ ಎಷ್ಟೋ ಕಂಪನಿಗಳ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಗೆ ಒಗ್ಗಿಕೊಂಡದ್ದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಹೀಗೆ ಒಂದೊಂದು ದಿನಾಂಕ ದಾಟಿದಾಗಲೂ ಚೆನ್ನಾಗಿ ಓಡುತ್ತಿರುವ ಒಂದಷ್ಟು ಯಂತ್ರಗಳು ಅನಾಥವಾಗುತ್ತವೆ.

ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಕೊಂಡವರೂ ಈ ಸುಳಿಗೆ ಸಿಕ್ಕಿದ್ದಾರೆ. ತೊಂಬತ್ತರ ದಶಕದಲ್ಲಿ ಸೀಮೆನ್ಸ್, ರಾಕ್‌ವೆಲ್ ಮುಂತಾದ ಕಂಪನಿಗಳು ತಂತ್ರಾಂಶದ ಅನುಮತಿಯನ್ನು ಫ್ಲಾಪಿ ಡಿಸ್ಕಿನಲ್ಲಿ ಕೊಡುತ್ತಿದ್ದವು. ಇನ್ನು ಕೆಲವು ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಡಾಂಗಲ್ ಕೊಡುತ್ತಿದ್ದವು. ಮಲೆನಾಡಿನ ಥಂಡಿಯಲ್ಲಿ ಪುಸ್ತಕಕ್ಕೇ ಬೂಷ್ಟು ಹಿಡಿಯುವಾಗ ಫ್ಲಾಪಿ ಎಷ್ಟು ಕಾಲ ತಡೆದೀತು? ಫ್ಲಾಪಿ ಹಾಳಾದರೆ ಲೈಸನ್ಸೂ ಹೋಯಿತು. ಹೊಸ ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ಪೋರ್ಟೇ ಇಲ್ಲ. ಕಂಪನಿಗೆ ಕೇಳಿದರೆ ಆ ಉತ್ಪನ್ನ ನಿಂತಿದೆ, ಹೊಸ ಸರಣಿ ಕೊಳ್ಳಿ ಎನ್ನುತ್ತದೆ. ಗಿರಣಿಯ ಮಾಲೀಕ ಕ್ರ್ಯಾಕ್ ಹುಡುಕುವ ದಾರಿ ಹಿಡಿಯುವುದರಲ್ಲಿ ಕಂಪನಿಗಳ ಪಾಲೂ ಇದೆ. ಮಾರುವುದನ್ನು ನಿಲ್ಲಿಸಿದ ತಂತ್ರಾಂಶವನ್ನು, ಕಡೇಪಕ್ಷ ಹಳೆಯ ಗಿರಾಕಿಗಳಿಗೆ, ಬಿಡುಗಡೆ ಮಾಡಿಕೊಟ್ಟರೆ ಕಂಪನಿಗಳಿಗಾಗುವ ನಷ್ಟ ಏನೂ ಇಲ್ಲ.

ಇದಕ್ಕೆ ಮಳೆಗಾಲವೂ ಕೂಡಿಕೊಳ್ಳುತ್ತದೆ. ಹಳೆಯ ಪಿಎಲ್‌ಸಿಗಳಲ್ಲಿ ಪ್ರೋಗ್ರಾಂ ಇರುವುದು ಕರೆಂಟು ಇದ್ದರಷ್ಟೇ ನೆನಪಿಟ್ಟುಕೊಳ್ಳುವ ಮೆಮರಿಯಲ್ಲಿ. ಕರೆಂಟು ಹೋದಾಗ ಅದನ್ನು ಉಳಿಸಿಕೊಳ್ಳುವುದು ಒಂದು ಪುಟ್ಟ ಲಿಥಿಯಂ ಬ್ಯಾಟರಿ. ನಮ್ಮಲ್ಲಿ ಬಹಳ ಬಳಕೆಯಲ್ಲಿದ್ದ ಮಿತ್ಸುಬಿಷಿ ಎಫ್‌ಎಕ್ಸ್2ಎನ್ ಹೀಗೆಯೇ ಕೆಲಸ ಮಾಡುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು. ಬದಲಿಸಬೇಕಾದ ಸಮಯ ಬಂದಾಗ ಮುಖದ ಮೇಲೆ ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಗಿರಣಿ ಓಡುತ್ತಲೇ ಇರುವುದರಿಂದ ಆ ದೀಪವನ್ನು ಯಾರೂ ಗಮನಿಸುವುದಿಲ್ಲ. ಆಷಾಢದ ಗಾಳಿಗೆ ಮರ ಬಿದ್ದು ಲೈನು ಹರಿದು, ಆಗುಂಬೆ ಹುಲಿಕಲ್ ಸುತ್ತಿನ ಊರುಗಳಲ್ಲಿ ದಿನಗಟ್ಟಲೆ ಕರೆಂಟು ಇಲ್ಲದಿರುವುದು ವಾಡಿಕೆ. ಮೆಸ್ಕಾಂನವರು ಲೈನು ಸರಿಮಾಡಿ ಕರೆಂಟು ಕೊಟ್ಟಾಗ ಪಿಎಲ್‌ಸಿಯ ತಲೆ ಖಾಲಿಯಾಗಿರುತ್ತದೆ. ಮೋಟರು ಸರಿಯಿದೆ, ವಯರಿಂಗ್ ಸರಿಯಿದೆ, ಗಿರಣಿ ಮಾತ್ರ ಏಳುವುದಿಲ್ಲ.

ಆಗ ಕರೆಯುವುದು ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ಬರುವ ಆಟೋಮೇಷನ್ ಹುಡುಗನನ್ನು. ಅವನ ಚೀಲದಲ್ಲಿ ಹಳೆಯ ಲ್ಯಾಪ್‌ಟಾಪು, ನಾಲ್ಕಾರು ಬಗೆಯ ಕೇಬಲ್, ಒಂದು ಪೆನ್‌ಡ್ರೈವ್ ತುಂಬ ಕ್ರ್ಯಾಕ್ ಮಾಡಿದ ತಂತ್ರಾಂಶ. ನಾನು ಅವನನ್ನು ದೂರುತ್ತಿಲ್ಲ. ಹತ್ತು ಕಂಪನಿಯ ಪಿಎಲ್‌ಸಿ ರಿಪೇರಿ ಮಾಡುವವನು ಹತ್ತು ಕಂಪನಿಯ ಲೈಸನ್ಸ್ ಕೊಂಡರೆ ದುಡಿದದ್ದೆಲ್ಲ ಅದಕ್ಕೇ ಹೋಗುತ್ತದೆ. ಆದರೆ ಆ ಪೆನ್‌ಡ್ರೈವಿನಲ್ಲಿ ಏನೇನಿದೆ ಎಂಬುದು ಅವನಿಗೂ ತಿಳಿಯದು. ಕ್ರ್ಯಾಕ್ ಹಾಕುವ ಸೂಚನೆಯ ಮೊದಲ ಸಾಲು ಸಾಮಾನ್ಯವಾಗಿ ಆಂಟಿವೈರಸ್ ಆಫ್ ಮಾಡಿ ಎಂದೇ ಇರುತ್ತದೆ. ಕ್ರ್ಯಾಕ್ ಕೂಡ ವೈರಸ್ಸಿನ ಹಾಗೆಯೇ ಇನ್ನೊಂದು ಪ್ರೋಗ್ರಾಮಿನೊಳಗೆ ಕೈಹಾಕುವುದರಿಂದ ಆಂಟಿವೈರಸ್ ಕೂಗುವುದು ಸಹಜ ಎಂದು ಎಲ್ಲರೂ ನಂಬಿದ್ದಾರೆ. ಹೀಗಾಗಿ ನಿಜವಾದ ವೈರಸ್ ಬಂದು ಕೂಗಿಸಿದರೂ ಯಾರೂ ಕಿವಿಗೊಡುವುದಿಲ್ಲ. ಕಾವಲು ನಾಯಿಯನ್ನು ಕಟ್ಟಿಹಾಕಿ, ಗೊತ್ತಿಲ್ಲದವನಿಗೆ ಹಿತ್ತಲ ಬಾಗಿಲು ತೆಗೆದುಕೊಟ್ಟಂತೆ.

ಇದು ಊಹೆಯ ಮಾತಲ್ಲ. 2022ರ ಜುಲೈಯಲ್ಲಿ ಕೈಗಾರಿಕಾ ಭದ್ರತೆಯ ಕಂಪನಿ ಡ್ರಾಗೋಸ್ ಒಂದು ವರದಿ ಹೊರಡಿಸಿತು. ಪಿಎಲ್‌ಸಿಯ ಮರೆತುಹೋದ ಪಾಸ್‌ವರ್ಡ್ ಬಿಡಿಸಿಕೊಡುತ್ತೇವೆ ಎಂದು ಜಾಹೀರಾತು ಕೊಟ್ಟು ಮಾರುತ್ತಿದ್ದ ತಂತ್ರಾಂಶವೊಂದನ್ನು ಅವರು ಬಿಚ್ಚಿ ನೋಡಿದ್ದರು. ಆಟೋಮೇಷನ್ ಡೈರೆಕ್ಟ್ ಕಂಪನಿಯ ಡೈರೆಕ್ಟ್‌ಲಾಜಿಕ್ 06 ಪಿಎಲ್‌ಸಿಯ ಪಾಸ್‌ವರ್ಡನ್ನು ಅದು ನಿಜಕ್ಕೂ ತೆಗೆದುಕೊಡುತ್ತಿತ್ತು. ಜೊತೆಗೆ ಸದ್ದಿಲ್ಲದೆ ಸ್ಯಾಲಿಟಿ ಎಂಬ ವೈರಸ್ಸನ್ನು ಬಳಸಿದವನ ಲ್ಯಾಪ್‌ಟಾಪಿಗೆ ಇಳಿಸುತ್ತಿತ್ತು. ಸ್ಯಾಲಿಟಿ ಹಳೆಯ ವೈರಸ್, 2003ರಿಂದಲೂ ಇದೆ. ಪೆನ್‌ಡ್ರೈವ್ ಮೂಲಕ, ಹಂಚಿಕೊಂಡ ಫೋಲ್ಡರುಗಳ ಮೂಲಕ ಹರಡುತ್ತದೆ, ಆಂಟಿವೈರಸ್ಸನ್ನು ಕೊಲ್ಲುತ್ತದೆ, ಕಂಪ್ಯೂಟರನ್ನು ದೂರದವರ ಹಿಡಿತಕ್ಕೆ ಕೊಡುತ್ತದೆ. ಅದೇ ಬಗೆಯ ಪಾಸ್‌ವರ್ಡ್ ಬಿಡಿಸುವ ತಂತ್ರಾಂಶಗಳು ಮಿತ್ಸುಬಿಷಿ, ಓಮ್ರಾನ್, ಸೀಮೆನ್ಸ್, ಎಬಿಬಿ, ಪ್ಯಾನಾಸೋನಿಕ್ ಮುಂತಾದ ಕಂಪನಿಗಳ ಪಿಎಲ್‌ಸಿಗಳಿಗೂ ಮಾರಾಟಕ್ಕಿದ್ದವು. ನಮ್ಮ ಪ್ಯಾನೆಲುಗಳಲ್ಲಿ ಕೂತಿರುವ ಹೆಸರುಗಳೂ ಇವೇ.

ಪಾಸ್‌ವರ್ಡ್ ಬಿಡಿಸುವ ಅಗತ್ಯ ಏಕೆ ಬರುತ್ತದೆ ಎಂಬುದನ್ನು ಇಲ್ಲಿ ನಿಂತು ನೋಡಬೇಕು. ಗಿರಣಿಗೆ ಪ್ಯಾನೆಲ್ ಕಟ್ಟಿಕೊಟ್ಟ ಕಂಪನಿ ಪ್ರೋಗ್ರಾಮಿಗೆ ಪಾಸ್‌ವರ್ಡ್ ಹಾಕಿರುತ್ತದೆ. ಮಾಲೀಕ ಬೇರೆಯವರ ಬಳಿ ಹೋಗದಿರಲಿ ಎಂಬುದು ಉದ್ದೇಶ. ಹತ್ತು ವರ್ಷದಲ್ಲಿ ಆ ಕಂಪನಿ ಮುಚ್ಚುತ್ತದೆ, ಅಥವಾ ಪ್ರೋಗ್ರಾಂ ಬರೆದವನು ಕೆಲಸ ಬಿಟ್ಟು ದುಬೈಗೆ ಹೋಗುತ್ತಾನೆ. ಒಂದು ಸೆನ್ಸರ್ ಬದಲಿಸಿ ಒಂದು ಸಾಲು ತಿದ್ದಬೇಕಾದರೂ ತನ್ನದೇ ಯಂತ್ರದ ಬೀಗ ಒಡೆಯುವ ಸ್ಥಿತಿ ಮಾಲೀಕನಿಗೆ ಬರುತ್ತದೆ. ಡ್ರಾಗೋಸ್ ಕಂಡ ತಂತ್ರಾಂಶಕ್ಕೆ ಗಿರಾಕಿಗಳನ್ನು ಹುಟ್ಟಿಸಿದ್ದು ಈ ಪಾಸ್‌ವರ್ಡುಗಳೇ.

ನಮ್ಮ ಯಂತ್ರಕ್ಕೆ ಇಂಟರ್ನೆಟ್ಟೇ ಇಲ್ಲ, ವೈರಸ್ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಇದಕ್ಕೆ 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಉತ್ತರ ಹೇಳುತ್ತದೆ. ಇರಾನಿನ ಅಣು ಸ್ಥಾವರದ ಮೇಲೆ ಕಣ್ಣಿಟ್ಟು ತಯಾರಾದ ಆ ಹುಳ ಪೆನ್‌ಡ್ರೈವಿನಿಂದ ಹಬ್ಬುತ್ತಿತ್ತು, ಸೀಮೆನ್ಸ್ ಪಿಎಲ್‌ಸಿಯ ಪ್ರಾಜೆಕ್ಟ್ ಫೈಲುಗಳಲ್ಲೇ ಅಡಗಿ ಒಂದು ಎಂಜಿನಿಯರಿಂಗ್ ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟುತ್ತಿತ್ತು. ತಂತ್ರಾಂಶದ ಒಂದು ಕಡತವನ್ನು ತನ್ನದರಿಂದ ಬದಲಿಸಿ, ಒಳಗಿನ ಪ್ರೋಗ್ರಾಂ ತಿದ್ದಿದ್ದರೂ ಎಂಜಿನಿಯರಿಗೆ ಮೊದಲಿನದನ್ನೇ ತೋರಿಸುತ್ತಿತ್ತು. ಅದು ಹೆಚ್ಚು ಹರಡಿದ ದೇಶಗಳಲ್ಲಿ ಇರಾನ್, ಇಂಡೋನೇಷ್ಯಾ ಆದ ಮೇಲೆ ಭಾರತವೇ. ನಮ್ಮಲ್ಲಿ ಅದು ಯಂತ್ರಗಳನ್ನು ಕೆಡಿಸಲಿಲ್ಲ, ಅದರ ಗುರಿ ಬೇರೆಯಿತ್ತು. ಬಂದ ದಾರಿ ಮಾತ್ರ ಇಂದಿಗೂ ತೆರೆದೇ ಇದೆ. 2018ರ ಆಗಸ್ಟಿನಲ್ಲಿ ಬೇರೆ ಕಂಪನಿಗಳಿಗೆ ಚಿಪ್ ಮಾಡಿಕೊಡುವವರಲ್ಲಿ ಜಗತ್ತಿನ ಅತಿದೊಡ್ಡದಾದ, ತೈವಾನಿನ ಟಿಎಸ್‌ಎಂಸಿಯ ಕಾರ್ಖಾನೆಗಳು ನಿಂತದ್ದೂ ಹೊಸ ಯಂತ್ರವೊಂದರ ತಂತ್ರಾಂಶವನ್ನು ವೈರಸ್ ಪರೀಕ್ಷೆ ಮಾಡದೆ ಜೋಡಿಸಿದ್ದರಿಂದ. ಆ ವೈರಸ್ ಹಿಂದಿನ ವರ್ಷವೇ ಜಗತ್ತನ್ನು ಕಾಡಿದ್ದ ವಾನ್ನಾಕ್ರೈನ ಒಂದು ರೂಪ. ಅಷ್ಟು ಕಟ್ಟುನಿಟ್ಟಿನ ಜಾಗದಲ್ಲೇ ಹೀಗಾದರೆ, ಗಿರಣಿಯಿಂದ ಗಿರಣಿಗೆ ಓಡಾಡುವ ಒಂದೇ ಲ್ಯಾಪ್‌ಟಾಪು ಏನೇನು ಹೊತ್ತು ತರಬಹುದು!

ನಮ್ಮಂಥ ಸಣ್ಣ ಊರನ್ನು ಯಾರು ಗುರಿಮಾಡುತ್ತಾರೆ ಎಂಬ ಸಮಾಧಾನವೂ ನಿಲ್ಲುವುದಿಲ್ಲ. 2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಎಂಬ ಸಣ್ಣ ಪಟ್ಟಣದ ನೀರು ಪೂರೈಕೆಯ ಪಿಎಲ್‌ಸಿಗೆ ದಾಳಿಕೋರರು ನುಗ್ಗಿದರು. ಇಸ್ರೇಲಿ ಕಂಪನಿ ತಯಾರಿಸಿದ ಪೆಟ್ಟಿಗೆ ಎಂಬುದಷ್ಟೇ ಕಾರಣ. ಕೆಲಸಗಾರರು ಪಂಪನ್ನು ಕೈಯಿಂದ ನಡೆಸಿ ನೀರು ಕೊಟ್ಟರು. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದ ಮೇಲೆ ನಮ್ಮ ಹಳ್ಳಿಗಳ ನೀರಿನ ಯೋಜನೆಗಳಿಗೂ ಸೆನ್ಸರು, ಮೊಬೈಲಿನಿಂದ ಪಂಪು ನಡೆಸುವ ಪೆಟ್ಟಿಗೆಗಳು ಬರುತ್ತಿವೆ. ನೀರಗಂಟಿಗೆ ಅನುಕೂಲವಾಗುವುದಾದರೆ ಬರಲಿ. ಆದರೆ ಪಂಪ್‌ಹೌಸಿನಲ್ಲಿ ಕೈಯಿಂದ ನಡೆಸುವ ಸ್ವಿಚ್ಚನ್ನು ಕಿತ್ತುಹಾಕಬಾರದು.

ವೈರಸ್ಸಿಗಿಂತ ನನ್ನನ್ನು ಹೆಚ್ಚು ಹೆದರಿಸುವುದು ತಪ್ಪು ಪ್ರೋಗ್ರಾಂ. ಮೆಮರಿ ಅಳಿಸಿಹೋದ ಪಿಎಲ್‌ಸಿಗೆ ಏನನ್ನಾದರೂ ತುಂಬಿ ಗಿರಣಿ ಎಬ್ಬಿಸುವ ಅವಸರದಲ್ಲಿ ಐದು ವರ್ಷದ ಹಿಂದಿನ ಪ್ರತಿಯನ್ನೋ, ಅಂಥದೇ ಇನ್ನೊಂದು ಗಿರಣಿಯದನ್ನೋ ತಂದು ಹಾಕುತ್ತಾರೆ. ನಡುವೆ ಯಾರೋ ಸೇರಿಸಿದ ಸುರಕ್ಷತೆಯ ಒಂದು ಸಾಲು ಅದರಲ್ಲಿ ಇರುವುದಿಲ್ಲ. ಕ್ರ್ಯಾಕ್ ಮಾಡಿದ ತಂತ್ರಾಂಶ ಆ ಪಿಎಲ್‌ಸಿಯ ಆವೃತ್ತಿಗೆ ಪೂರ್ತಿ ಹೊಂದುವುದೇ ಎಂದು ಪರೀಕ್ಷಿಸಿದವರಿಲ್ಲ, ಕೆಟ್ಟರೆ ಕೇಳಲು ಕಂಪನಿಯ ಬಾಗಿಲಿಗೆ ಹೋಗುವಂತಿಲ್ಲ. ಕುಚ್ಚಲಕ್ಕಿ ಗಿರಣಿಯಲ್ಲಿ ಬಾಯ್ಲರ್ ಇರುತ್ತದೆ. ಒಳಗಿನ ನೀರಿನ ಮಟ್ಟ ತಗ್ಗಿಯೂ ಬೆಂಕಿ ಉರಿಯುತ್ತಲೇ ಇದ್ದರೆ ಕೊಳವೆಗಳು ಕಾದು ಸೊರಗಿ ಒಡೆಯುತ್ತವೆ. ನೀರು ತಗ್ಗಿದಾಗ ಬೆಂಕಿಗೆ ಗಾಳಿ ಕೊಡುವ ಫ್ಯಾನು ನಿಲ್ಲಿಸುವ ತೇಲುಬುರುಡೆಯ ಸ್ವಿಚ್ಚು ಪಿಎಲ್‌ಸಿಯನ್ನು ನೆಚ್ಚದೆ ನೇರ ವಯರಿನಲ್ಲಿ ಇರಲೇಬೇಕು. ಒತ್ತಡ ಮೀರಿದಾಗ ತಾನಾಗಿ ತೆರೆಯುವ ಸೇಫ್ಟಿ ವಾಲ್ವ್ ಜಾಮಾಗದಂತೆ ನೋಡಿಕೊಳ್ಳಲೇಬೇಕು. ಪ್ರೋಗ್ರಾಂ ಹೇಗೇ ಕೆಟ್ಟರೂ ಅಲ್ಲಿ ಸಲಿಕೆ ಹಿಡಿದು ನಿಂತ ಮನುಷ್ಯ ಉಳಿಯುವುದು ಇವೆರಡರಿಂದ.

ಸಾಗರದ ಮಾತು ಬಂದರೆ ಕೆತ್ತನೆಯನ್ನು ಬಿಡಲಾಗದು. ಗುಡಿಗಾರರ ಉಳಿಯಿಂದ ಹೆಸರಾದ ಊರು ಅದು. ಬಾಗಿಲ ಹಲಗೆ, ದೇವರ ಮಂಟಪ ಕೊರೆಯುವ ಸಿಎನ್‌ಸಿ ರೂಟರುಗಳು ಈಗ ರಾಜ್ಯದ ಬಹಳಷ್ಟು ಪಟ್ಟಣಗಳಲ್ಲಿವೆ. ಹಳೆಯ ತಂತ್ರಾಂಶದ ನಕಲು ಈ ಕಸುಬಿನಲ್ಲೂ ಬೇರು ಬಿಟ್ಟಿದೆ. ವಿನ್ಯಾಸ ಮಾಡುವುದು ಆರ್ಟ್‌ಕ್ಯಾಮ್ ಎಂಬುದರ ಹಳೆಯ ಕ್ರ್ಯಾಕ್ ಪ್ರತಿಯಲ್ಲಿ, ಯಂತ್ರ ನಡೆಯುವುದು ಎಕ್ಸ್‌ಪಿ ಕಂಪ್ಯೂಟರಿನಲ್ಲಿ. ಆರ್ಟ್‌ಕ್ಯಾಮನ್ನು ತಯಾರಿಸುತ್ತಿದ್ದ ಡೆಲ್‌ಕ್ಯಾಮ್ ಕಂಪನಿಯನ್ನು ಆಟೋಡೆಸ್ಕ್ 2014ರಲ್ಲಿ ಕೊಂಡಿತು, 2018ರಲ್ಲಿ ಆರ್ಟ್‌ಕ್ಯಾಮ್ ನಿಲ್ಲಿಸಿತು. ಕಾರ್ವೆಕೋ ಎಂಬ ಹೆಸರಿನಲ್ಲಿ ಬೇರೊಂದು ಕಂಪನಿ ಅದನ್ನು ಮುಂದುವರಿಸಿದೆ. ಅಂದರೆ ದುಡ್ಡು ಕೊಡುತ್ತೇನೆಂದರೂ ಆ ಹಳೆಯ ಹೆಸರಿನಲ್ಲಿ ಕೊಳ್ಳಲು ಈಗ ಏನೂ ಸಿಗದು. ಎಷ್ಟೋ ವರ್ಷದಿಂದ ಕೂಡಿಟ್ಟ ವಿನ್ಯಾಸಗಳೆಲ್ಲ ಅದೇ ಎಕ್ಸ್‌ಪಿ ಪೆಟ್ಟಿಗೆಯಲ್ಲಿದ್ದು, ಗಿರಾಕಿ ತಂದ ಪೆನ್‌ಡ್ರೈವಿನಿಂದ ಬಂದ ಒಂದು ರಾನ್ಸಮ್‌ವೇರ್ ಅವನ್ನೆಲ್ಲ ಬೀಗ ಹಾಕಿ ಕೂತರೆ ಆ ಕುಶಲಕರ್ಮಿಯ ಬಂಡವಾಳವೇ ಹೋಯಿತು. ಇವರಿಗೆ ಒಳ್ಳೆಯ ದಾರಿಯೂ ಇದೆ. ರೂಟರ್ ನಡೆಸಲು ಲಿನಕ್ಸ್‌ಸಿಎನ್‌ಸಿ ಎಂಬ ಮುಕ್ತ ತಂತ್ರಾಂಶವಿದೆ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯ ಪ್ರಯೋಗಾಲಯದಲ್ಲಿ ಹುಟ್ಟಿ ಸ್ವಯಂಸೇವಕರ ಕೈಯಲ್ಲಿ ಬೆಳೆದದ್ದು. ಅದರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಕೈಪಿಡಿ ಬಂದರೆ ಎಷ್ಟೋ ಜನ ಉಳಿದುಕೊಂಡಾರು.

ಕಾನೂನಿನ ಮಾತು ಚಿಕ್ಕದು. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಂ ಪ್ರಕಾರ ನಕಲು ಎಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಂ ಬಳಸುವವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ನ್ಯಾಯಾಲಯ ಸೆರೆಯನ್ನು ಬಿಡಬಹುದು. ಗಿರಣಿ ಎಂದರೆ ವ್ಯಾಪಾರವೇ. ಅದೇ ಕಾಯಿದೆಯ 52ನೇ ಕಲಂ, ಸರಿಯಾಗಿ ಪಡೆದ ಪ್ರೋಗ್ರಾಮಿನ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು ಮಾಲೀಕನಿಗೆ ಅವಕಾಶ ಕೊಟ್ಟಿದೆ. ಮೊದಲನೆಯ ಕಲಂ ಎಲ್ಲರಿಗೂ ಹೆದರಿಸಲು ಗೊತ್ತು, ಎರಡನೆಯದನ್ನು ಬಳಸಿಕೊಂಡವರು ಕಡಿಮೆ. ಫ್ಲಾಪಿ ಇನ್ನೂ ಚೆನ್ನಾಗಿದ್ದಾಗ, ಪ್ರತಿ ತೆಗೆಯಲು ಆಗುವಂಥದ್ದರ ಬ್ಯಾಕಪ್ ಮಾಡಿಟ್ಟಿದ್ದರೆ ಇಂದಿನ ಕ್ರ್ಯಾಕುಗಳಲ್ಲಿ ಒಂದಷ್ಟು ಬೇಕಾಗುತ್ತಿರಲಿಲ್ಲ. ಇನ್ನು, ದಾಳಿ ನಡೆದರೆ ಆರು ಗಂಟೆಯೊಳಗೆ ತಿಳಿಸಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ಆದೇಶ ಹೊರಡಿಸಿದೆ. ಕದ್ದ ತಂತ್ರಾಂಶ ಇಟ್ಟುಕೊಂಡವರು ಬಾಯಿ ಬಿಡುತ್ತಾರೆಯೇ? ಮುಚ್ಚಿಡುತ್ತಾರೆ, ಪಕ್ಕದ ಗಿರಣಿಗೂ ಅದೇ ಲ್ಯಾಪ್‌ಟಾಪು ಹೋಗುತ್ತದೆ.

ಬಿಎಸ್‌ಎ ಎಂಬ ತಂತ್ರಾಂಶ ಕಂಪನಿಗಳ ಕೂಟದ 2018ರ ಸಮೀಕ್ಷೆ ಹೇಳುವಂತೆ, 2017ರಲ್ಲಿ ಭಾರತದ ಕಂಪ್ಯೂಟರುಗಳಿಗೆ ಹಾಕಿದ ತಂತ್ರಾಂಶಗಳಲ್ಲಿ ಶೇ. 56 ಲೈಸನ್ಸ್ ಇಲ್ಲದವು. ಆದರೂ ಒಂದು ಕ್ಷೇತ್ರದಲ್ಲಿ ಹಳೆಯ ನಕಲು ಕಾಣಕಾಣುತ್ತಲೇ ಬಲ ಕಳೆದುಕೊಂಡಿತು. ಬೆಂಗಳೂರಿನ ಲೆಕ್ಕಪತ್ರ ತಂತ್ರಾಂಶ ಟ್ಯಾಲಿಯ ಹಳೆಯ ಆವೃತ್ತಿಗಳ ನಕಲು ಒಂದು ಕಾಲದಲ್ಲಿ ಊರೂರಿನ ಅಂಗಡಿ, ಮಂಡಿಗಳಲ್ಲಿ ಇತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಹಳೆಯ ಪ್ರತಿಯಲ್ಲಿ ಜಿಎಸ್‌ಟಿ ಲೆಕ್ಕ ಹೊಂದದು, ಹೊಸದನ್ನು ಕೊಳ್ಳಲೇಬೇಕಾಯಿತು. ಪಿಎಲ್‌ಸಿಗೆ ಅಂಥ ಜಿಎಸ್‌ಟಿ ಯಾವತ್ತೂ ಬರುವುದಿಲ್ಲ. ಇಂದು ಓಡಿದ ಗಿರಣಿ ನಾಳೆಯೂ ಓಡುತ್ತದೆ, ಬದಲಾಯಿಸಿ ಎಂದು ಹೊರಗಿನಿಂದ ಯಾರೂ ಒತ್ತಾಯಿಸುವುದಿಲ್ಲ. ಹೀಗಾಗಿ ಒತ್ತಾಯ ಕೊಳ್ಳುವ ಹೊತ್ತಿನಲ್ಲೇ ನಡೆಯಬೇಕು.

ಯಂತ್ರ ಕೊಳ್ಳುವವರು ಚೌಕಾಸಿ ಮಾಡುವುದು ಬೆಲೆಗೆ ಮಾತ್ರ. ಕಡೆಯ ಕಂತು ಕೊಡುವ ಮೊದಲು ಪಾಸ್‌ವರ್ಡ್ ಇಲ್ಲದ ಪ್ರೋಗ್ರಾಮಿನ ಪ್ರತಿ, ಅದನ್ನು ತೆರೆಯುವ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಲೈಸನ್ಸ್ ಇದ್ದರೆ ಅದು ಮಾಲೀಕನ ಹೆಸರಿನಲ್ಲಿ, ವಯರಿಂಗ್ ನಕ್ಷೆಯ ಜೊತೆ ಕೈಸೇರಬೇಕು ಎಂದು ಆರ್ಡರಿನಲ್ಲಿ ಬರೆಸಲು ಒಂದು ಪುಟವೂ ಬೇಡ. ತಂತ್ರಾಂಶವನ್ನು ಉಚಿತವಾಗಿ ಕೊಡುವ ಪಿಎಲ್‌ಸಿ ಕಂಪನಿಗಳೂ ಇವೆ. ಡೆಲ್ಟಾದ ಪ್ರೋಗ್ರಾಮಿಂಗ್ ತಂತ್ರಾಂಶ ಉಚಿತ, ಶ್ನೈಡರ್, ರಾಕ್‌ವೆಲ್ ತಮ್ಮ ಸಣ್ಣ ಪಿಎಲ್‌ಸಿಗಳಿಗೆ ಉಚಿತ ಆವೃತ್ತಿ ಕೊಡುತ್ತವೆ, ಕೋಡೆಸಿಸ್ ಎಂಬ ತಂತ್ರಾಂಶದಲ್ಲಿ ಬರೆಯಲು ದುಡ್ಡು ಬೇಡ. ಅಕ್ಕಿ ಗಿರಣಿಯ ಅಥವಾ ಅಡಿಕೆ ಡ್ರೈಯರಿನ ಕೆಲಸಕ್ಕೆ ಇವು ಧಾರಾಳ ಸಾಕು. ಕದಿಯುವ ಪ್ರಶ್ನೆಯೇ ಏಳದ ಯಂತ್ರವನ್ನು ಆರಿಸಿಕೊಳ್ಳುವುದು ಮಾಲೀಕನ ಕೈಯಲ್ಲೇ ಇದೆ.

ಈಗಾಗಲೇ ಇರುವ ಹಳೆಯ ಯಂತ್ರಗಳಿಗೆ ಒಬ್ಬೊಬ್ಬರೇ ಪರಿಹಾರ ಹುಡುಕಲಾರರು. ಆದರೆ ಸಾಗರ, ತೀರ್ಥಹಳ್ಳಿ, ಹೊಸನಗರ ಎಂಬ ಈ ಮೂರು ತಾಲ್ಲೂಕುಗಳಿಗೆ ಕೂಡಿ ಕೆಲಸ ಮಾಡುವುದು ಗೊತ್ತು. ಅಡಿಕೆ ಬೆಳೆಗಾರರು ಸೇರಿ ಶಿವಮೊಗ್ಗದಲ್ಲಿ ತಮ್ಮ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್ ಕಟ್ಟಿದ್ದು 1939ರಲ್ಲಿ. ಅಡಿಕೆಗೆ ಬೆಲೆ ಕಟ್ಟಲು ಒಗ್ಗೂಡಿದವರು ಯಂತ್ರ ಉಳಿಸಿಕೊಳ್ಳಲು ಏಕೆ ಒಗ್ಗೂಡಬಾರದು? ಗಿರಣಿ, ಸಣ್ಣ ಕಾರ್ಖಾನೆಗಳ ಸಂಘ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಒಂದು ಸೇವಾ ಕೇಂದ್ರ ತೆರೆದರೆ, ಹೆಚ್ಚು ಬಳಕೆಯಲ್ಲಿರುವ ಮೂರ್ನಾಲ್ಕು ಕಂಪನಿಗಳ ಲೈಸನ್ಸನ್ನು ಆ ಕೇಂದ್ರದ ಹೆಸರಿನಲ್ಲೇ ಕೊಂಡು ಸದಸ್ಯರ ಯಂತ್ರಗಳಿಗೆ ಸೇವೆ ಕೊಡಬಹುದು. ರಿಪೇರಿಯ ಹುಡುಗನೂ ಕಳ್ಳನಾಗಿ ಓಡಾಡಬೇಕಾಗಿಲ್ಲ, ಅಲ್ಲೇ ಸಂಬಳಕ್ಕೆ ನಿಲ್ಲಬಹುದು. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಆಧುನೀಕರಿಸಲಾಗಿದೆ. ಅಲ್ಲಿ ಕಲಿತವರಿಗೆ ಮನೆಯ ಹತ್ತಿರ ಕೆಲಸವೂ ಆಗುತ್ತದೆ.

ಅಂಥ ಕೇಂದ್ರದ ಮೊದಲ ವರ್ಷದ ಕೆಲಸ ರಿಪೇರಿ ಅಲ್ಲ, ಓಡಾಟ. ಬೇಸಿಗೆಯಲ್ಲಿ ಒಂದೊಂದೇ ಗಿರಣಿ, ಶೆಡ್ಡು, ಪಂಪ್‌ಹೌಸಿಗೆ ಹೋಗಿ ಪ್ಯಾನೆಲ್ ತೆರೆದು, ಪಿಎಲ್‌ಸಿಯ ಕಂಪನಿ, ಮಾದರಿ, ಬ್ಯಾಟರಿಯ ವಯಸ್ಸು ಬರೆದುಕೊಳ್ಳಬೇಕು. ಕರೆಂಟು ಇದ್ದಾಗಲೇ ಪ್ರೋಗ್ರಾಂ ಇಳಿಸಿ ಎರಡು ಪ್ರತಿ ಮಾಡಿ, ಒಂದನ್ನು ಮಾಲೀಕನಿಗೆ ಕೊಟ್ಟು ಇನ್ನೊಂದನ್ನು ಕೇಂದ್ರದಲ್ಲಿಟ್ಟು, ಆ ಮೇಲೆ ಬ್ಯಾಟರಿ ಬದಲಿಸಬೇಕು. ಎಕ್ಸ್‌ಪಿ ಕಂಪ್ಯೂಟರಿಗೆ ಬೇರೆ ದಾರಿ ಇಲ್ಲದಿದ್ದರೆ ಅದರ ಡಿಸ್ಕಿನ ಪೂರ್ತಿ ಪ್ರತಿ ತೆಗೆದು, ನೆಟ್‌ವರ್ಕಿನಿಂದ ಬಿಡಿಸಿ, ಯುಎಸ್‌ಬಿ ಪೋರ್ಟುಗಳನ್ನು ಮುಚ್ಚಬೇಕು. ಪಾಸ್‌ವರ್ಡಿನಿಂದ ಪ್ರತಿ ಇಳಿಸಲಾಗದ ಯಂತ್ರಗಳ ಪಟ್ಟಿ ಬೇರೆಯೇ ಮಾಡಿ, ಪ್ಯಾನೆಲ್ ಕಟ್ಟಿದವರು ಇನ್ನೂ ಅಂಗಡಿ ತೆರೆದಿರುವಾಗಲೇ, ಒಬ್ಬ ಮಾಲೀಕನ ಪರವಾಗಿ ಅಲ್ಲದೆ ಇಡೀ ಸಂಘದ ಪರವಾಗಿ ಹೋಗಿ ಕೇಳಬೇಕು. ಕೊಡದಿದ್ದರೆ ಆ ಕಂಪನಿಗೆ ಮುಂದಿನ ಆರ್ಡರ್ ಈ ಮೂರು ತಾಲ್ಲೂಕಿನಿಂದ ಹೋಗಬಾರದು.